ಮುಖಕ್ಕೆ ಕೊಟ್ಟ ಅಂಕ

ನರಹರಿ ನಕ್ಕ. ಬರೀ ತುಟಿ ಅಲುಗಿದ್ದಲ್ಲ, ಕಣ್ಣಿನ ಪಕ್ಕದ ಗೆರೆಗಳು ಮಡಚಿಕೊಂಡು, ಎಡಗೆನ್ನೆಯಲ್ಲಿ ಹಿಂದೆಲ್ಲ ಬೀಳುತ್ತಿದ್ದ ಚಿಕ್ಕ ಗುಳಿಯೂ ಬಿತ್ತು. ಗಂಡನ ಔಷಧಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನಿಗೆ ತಿಳಿಯದ ಹಾಗೆ ಆಗಷ್ಟೇ ಒಳಬಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಿಶಾಲಾಕ್ಷಿಗೆ ಮೊದಲು ಆದದ್ದು ಸಂತೋಷವಲ್ಲ. ಕಳೆದೇ ಹೋಯಿತೆಂದು ಹುಡುಕುವುದನ್ನೂ ಬಿಟ್ಟಿದ್ದ ತನ್ನ ಒಡವೆಯನ್ನು ಇನ್ನೊಬ್ಬಳು ಕೊರಳಿಗೆ ಹಾಕಿಕೊಂಡು ಎದುರಿಗೆ ಬಂದು ನಿಂತ ಹಾಗಾಯಿತು.

ಆ ನಗು ಮನೆಯಲ್ಲಿ ಕಾಣಿಸದೆ ಎರಡು ವರ್ಷವಾಗಿತ್ತು. ಪಾರ್ಕಿನ್ಸನ್ ಕಾಯಿಲೆ ಕೈ ನಡುಗಿಸಿ ಸುಮ್ಮನಾಗುವುದಿಲ್ಲ, ಮುಖವನ್ನೂ ಬಿಗಿಯುತ್ತದೆ, ಒಳಗೆ ಏನೇ ಇದ್ದರೂ ಹೊರಗೆ ಕಾಣಿಸುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ವಿಶಾಲಾಕ್ಷಿ ಅದನ್ನು ನಂಬಿದ್ದಳು. ಮಗಳಿಗೆ ಮಗು ಹುಟ್ಟಿದ ಸುದ್ದಿ ಬಂದಾಗಲೂ ಅವನ ಮುಖ ಗೋಡೆಯ ಹಾಗೇ ಇದ್ದದ್ದನ್ನು ಕಂಡು, ಅದು ಅವರಲ್ಲ, ಕಾಯಿಲೆ ಎಂದು ನೆಂಟರಿಗೆಲ್ಲ ಫೋನಿನಲ್ಲಿ ತಾನೇ ಬಿಡಿಸಿ ಹೇಳಿದ್ದಳು. ಈಗ ನೋಡಿದರೆ ಕಾಯಿಲೆಗೂ ಆಳು ನೋಡಿ ಬಾಗಿಲು ತೆಗೆಯುವುದು ಗೊತ್ತಿತ್ತು.

ಬಾಗಿಲು ತೆಗೆಸಿದವಳು ಗುರುದೇವಿ. ನಲವತ್ತು ದಾಟಿದ ಫಿಸಿಯೋಥೆರಪಿಸ್ಟ್; ರೋಗಿಗಳ ಚಲನೆಯನ್ನು ನೋಡಿ ಅಂಕ ಹಾಕುವುದು ಇಲ್ಲಿ ಅವಳ ಕೆಲಸ. ಹೆಬ್ಬೆರಳು ತೋರುಬೆರಳು ತಟ್ಟಿಸುವುದು, ಮುಷ್ಟಿ ಮಡಚಿ ಬಿಚ್ಚಿಸುವುದು, ಕೈಕಟ್ಟಿಕೊಂಡು ಕುರ್ಚಿಯಿಂದ ಏಳಿಸುವುದು, ನಡೆಸುವುದು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಸೊನ್ನೆಯೆಂದರೆ ತೊಂದರೆಯಿಲ್ಲ, ನಾಲ್ಕೆಂದರೆ ಏನೂ ಉಳಿದಿಲ್ಲ. ಮುಖದ ಭಾವಕ್ಕೂ ಒಂದು ಅಂಕ. ಅದಕ್ಕಾಗಿ ರೋಗಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಮಾತಾಡಿಸಬೇಕು. ತನ್ನ ಊರಿನ ಕಡೆಯವನೇ ಆದ ನರಹರಿಯನ್ನು ಗುರುದೇವಿ ಕೇಳಿದ್ದು ಇಷ್ಟೇ: "ಲಿಂಗಸೂರು ಸಂತ್ಯಾಗ ಮಿರ್ಚಿ ಭಜಿ ಇನ್ನೂ ಹಂಗ ಅದಾವೇನ್ರಿ ಅಣ್ಣಾರ?"

"ಅದಾವ್ರಿ. ಒಂದು ತಿಂದ್ರ ಮೂರು ದಿನ ದೇವರ ಧ್ಯಾನ."

ಇಷ್ಟಕ್ಕೆ ಇಬ್ಬರೂ ನಕ್ಕರು. ಗುರುದೇವಿ ಹಾಳೆಯಲ್ಲಿ 'ಮುಖ' ಎಂದಿದ್ದ ಕಡೆ ಒಂದು ಎಂದು ಬರೆದುಕೊಂಡಳು. ಕುತ್ತಿಗೆ ಉದ್ದ ಮಾಡಿ ಅದನ್ನು ನೋಡಿದ ವಿಶಾಲಾಕ್ಷಿ, ನನ್ನನ್ನು ಕೇಳಿದ್ದರೆ ಮೂರು ಎನ್ನುತ್ತಿದ್ದೆ ಎಂದುಕೊಂಡಳು. ಇಲ್ಲ, ಮೂರೂವರೆ.

ಮಾದಾಪುರದ ಗಾಜಿನ ಕಟ್ಟಡವೊಂದರ ಮೇಲಂತಸ್ತಿನಲ್ಲಿದ್ದ ಆ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತಿದ್ದದ್ದು ಔಷಧಿಯ ಪರೀಕ್ಷೆಯಲ್ಲ, ಅಂಕ ಹಾಕುವ ಪದ್ಧತಿಯದೇ ಪರೀಕ್ಷೆ. ಅದನ್ನು ನಡೆಸುತ್ತಿದ್ದ ಡಾಕ್ಟರ್ ಅಪೂರ್ವ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಒಂದೇ ಮಟ್ಟದ ಕಾಯಿಲೆ ಇರುವ ಇಬ್ಬರಿಗೆ ಒಂದೇ ಅಂಕ ಬರಬೇಕು ಎಂದು ಅವಳು ಮೊದಲ ದಿನವೇ ಇವರಿಬ್ಬರಿಗೂ ವಿವರಿಸಿದ್ದಳು. ಊಟದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಅನ್ನ ಕಲಸಿ ತಿನ್ನುವವನು ಕೈ ಸ್ವಲ್ಪ ನಡುಗಿದರೂ ಸಂಭಾಳಿಸುತ್ತಾನೆ. ಖಡಕ್ ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯಬೇಕಾದವನು ಸೋಲುತ್ತಾನೆ. ಕಾಯಿಲೆ ಅಷ್ಟೇ, ಅಂಕ ಮಾತ್ರ ಬೇರೆ. ಹೆಂಗಸು ನಗದೆ ಕೂತರೆ ರೋಗ ಎನ್ನುತ್ತಾರೆ, ಗಂಡಸು ನಗದೆ ಕೂತರೆ ಗಂಭೀರ ಸ್ವಭಾವ ಎನ್ನುತ್ತಾರೆ. ಎಲ್ಲಿ ಯಾವ ಪ್ರಶ್ನೆ ಯಾರ ಕಡೆಗೆ ವಾಲುತ್ತಿದೆ ಎಂದು ಕಂಡುಹಿಡಿಯುವುದೇ ಕೆಲಸ.

ನರಹರಿಗೆ ಇದು ಕೂಡಲೇ ಹಿಡಿಸಿತ್ತು. ಬಾಲಾನಗರದ ಕಾರ್ಖಾನೆಯಲ್ಲಿ ಅವನು ನಿವೃತ್ತನಾಗುವವರೆಗೂ ಇದ್ದದ್ದು ಅಳತೆಯ ಸಾಧನಗಳನ್ನು ತಪಾಸಣೆ ಮಾಡುವ ವಿಭಾಗದಲ್ಲಿ. ವಿಮಾನಕ್ಕೆ ಹಾಕುವ ಮಾಪಕದ ಮುಳ್ಳು ಸರಿಯಿದೆಯೇ ಎಂದು ನೋಡುವ ಮೊದಲು, ನೋಡುವ ಸಾಧನ ಸರಿಯಿದೆಯೇ ಎಂದು ನೋಡಬೇಕು. ಇದೂ ಅದೇ ಕೆಲಸ ಎಂದು ಹೇಳಿ ನಡುಗುವ ಕೈಯಲ್ಲೇ ಸಹಿ ಮಾಡಿದ್ದ. ವಿಶಾಲಾಕ್ಷಿ ಒಪ್ಪಿದ್ದಕ್ಕೆ ಕಾರಣ ಬೇರೆ. ತಾನೊಬ್ಬಳೇ ನೋಡುತ್ತಿದ್ದುದನ್ನು ಇನ್ನೊಬ್ಬರೂ ನೋಡಲಿ ಎಂದು ಒಪ್ಪಿದ್ದಳು. ನಾರಾಯಣಗೂಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಗಮನಿಸುವುದು ಅವಳಿಗೆ ಅಭ್ಯಾಸ. ಗಂಡ ಯಾವ ಕಾಲನ್ನು ಎಳೆಯುತ್ತಾನೆ, ಯಾವ ಗುಂಡಿಗೆ ಬೆರಳು ಸೋಲುತ್ತದೆ, ನೀರು ಕುಡಿಯುವಾಗ ಎಷ್ಟು ಸಲ ಗುಟುಕರಿಸುತ್ತಾನೆ, ಎಲ್ಲವೂ ಅವಳಿಗೆ ಗೊತ್ತು. ಅವನು ಎದ್ದರೆ ಇವಳ ಕಣ್ಣು ಏಳುತ್ತಿತ್ತು.

ಈಗ ಆ ಕಣ್ಣು ಗುರುದೇವಿಯ ಮೇಲೂ ಬಿತ್ತು. ಅವಳು ಬಾಗಿ ಇವನ ಮೊಣಕೈ ಹಿಡಿಯುವ ರೀತಿ, ಪ್ರತಿ ಮಾತಿಗೂ ಹಚ್ಚುವ 'ರಿ', ತನ್ನನ್ನು 'ವೈನಿ' ಎಂದು ಕರೆಯುವುದು. ಅತ್ತಿಗೆ ಎಂದರ್ಥ ಎಂದು ವಿಶಾಲಾಕ್ಷಿಗೆ ಗೊತ್ತು. ಆದರೆ ತಾನು ಕೇಳದೇ ಇದ್ದ ಈ ನೆಂಟಸ್ತನವನ್ನು ಯಾರು ಕೊಟ್ಟರು ಎಂದು ಅವಳಿಗೆ ಒಳಗೊಳಗೇ ಉರಿಯುತ್ತಿತ್ತು. ಗುರುದೇವಿ ಸುಂದರಿಯಾಗಿದ್ದಿದ್ದರೆ, ಚೆಲ್ಲು ಚೆಲ್ಲಾಗಿ ಆಡಿದ್ದಿದ್ದರೆ ಎಷ್ಟೋ ಸುಲಭವಿತ್ತು. ಅವಳು ಕೆಲಸ ಬಲ್ಲವಳು, ಎಲ್ಲ ರೋಗಿಗಳೊಂದಿಗೂ ಹಾಗೆಯೇ ಇದ್ದಳು. ಬಯ್ಯಲು ಒಂದು ಎಳೆಯೂ ಸಿಗುತ್ತಿರಲಿಲ್ಲ.

ಒಂದು ಸಂಜೆ ಊಟಕ್ಕೆ ಬಡಿಸುತ್ತ ವಿಶಾಲಾಕ್ಷಿ ಗಂಟಲು ಸರಿ ಮಾಡಿಕೊಂಡಳು. ಗಂಡನ ಊರಿನ ಮಾತನ್ನು ಮಧ್ಯಾಹ್ನವೆಲ್ಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ? ಪಲ್ಯ ಭಾಳ ಛಲೋ ಆಗೇತಿ."

ನರಹರಿ ತಟ್ಟೆಯಿಂದ ನಿಧಾನವಾಗಿ ತಲೆಯೆತ್ತಿದ. "ಯಾಕೆ, ಮೈ ಹುಷಾರಿಲ್ವಾ?" ಎಂದ, ಅಚ್ಚ ಮೈಸೂರಿನ ಮಾತಿನಲ್ಲಿ.

ಅವಳು ಒಳಗೆ ಹೋಗಿ ನಲ್ಲಿ ಬಿಟ್ಟು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮದುವೆಯಾದ ಹೊಸದರಲ್ಲಿ ತನ್ನ ತವರು ಮೈಸೂರಿಗೆ ಹೋದಾಗ ಅವಳ ಅಕ್ಕತಂಗಿಯರು ಅವನ 'ಐತಿ'ಗೂ 'ಹೌದ್ರಿ'ಗೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಆಮೇಲೆ ಅವನ ಮಾತು ಯಾವಾಗ ಬದಲಾಯಿತೆಂದು ಅವಳು ಗಮನಿಸಿರಲಿಲ್ಲ. ಎಲ್ಲವನ್ನೂ ಗಮನಿಸುವವಳು ಅದೊಂದನ್ನು ಬಿಟ್ಟಿದ್ದಳು.

ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಅವಳು ಡಾಕ್ಟರ್ ಅಪೂರ್ವಳ ಕೋಣೆಗೆ ಒಬ್ಬಳೇ ಹೋದಳು. ಮಾತುಗಳನ್ನು ಮೆಟ್ರೋದಲ್ಲೇ ಜೋಡಿಸಿಕೊಂಡಿದ್ದಳು.

"ನಾನು ಯಾರ ಮೇಲೂ ದೂರು ಹೇಳ್ತಿಲ್ಲ ಡಾಕ್ಟ್ರೇ. ಗುರುದೇವಿಯವರು ಒಳ್ಳೆಯವರು. ಆದರೆ ಅವರದೂ ನಮ್ಮ ಯಜಮಾನರದೂ ಒಂದೇ ಕಡೆ ಊರು, ಒಂದೇ ಮಾತು. ನೀವು ವಾಲುತ್ತೆ ಅಂತ ಹೇಳಿದ್ರಲ್ಲ, ಅದು ಅಲ್ಲಿಂದಲೇ ಶುರುವಾಗಿರಬಹುದಲ್ವಾ?"

ತಮ್ಮ ಪಾಲಿಗೆ ಗುರುದೇವಿಯ ಬದಲು ಬೇರೆಯವರನ್ನು ಹಾಕುತ್ತಾರೆ, ಅಷ್ಟೇ ಸಾಕು ಎಂಬುದು ಅವಳ ಲೆಕ್ಕ. ಆದರೆ ಅಪೂರ್ವ ಪೆನ್ನು ಕೆಳಗಿಟ್ಟು ಕಣ್ಣರಳಿಸಿದಳು. ಇದನ್ನು ನಾವೇ ಯೋಚಿಸಬೇಕಿತ್ತು ಆಂಟಿ ಎಂದಳು. ಅಲ್ಲೇ ಕೂತು ಒಂದು ಏರ್ಪಾಟನ್ನೂ ಹೇಳಿದಳು. ಒಂದೇ ದಿನ, ಒಂದೇ ಗುಳಿಗೆಯ ಪ್ರಭಾವದಲ್ಲಿ, ಇಬ್ಬರು ಬೇರೆಬೇರೆಯಾಗಿ ನರಹರಿಯನ್ನು ಮಾತಾಡಿಸಬೇಕು. ಕ್ಯಾಮೆರಾ ಅವನ ಮುಖವನ್ನಷ್ಟೇ ಹಿಡಿಯಬೇಕು. ಧ್ವನಿ ತೆಗೆದುಹಾಕಿ, ಬೇರೆ ಊರಿನಲ್ಲಿರುವ, ಇವರ್ಯಾರನ್ನೂ ಅರಿಯದ ಪರಿಣತರಿಗೆ ಕಳಿಸಬೇಕು. ಅವರು ಮುಖ ನೋಡಿ ಅಂಕ ಹಾಕಲಿ. ಮೊದಲನೆಯವಳು ಗುರುದೇವಿ.

"ಎರಡನೆಯವರು?" ಎಂದಳು ವಿಶಾಲಾಕ್ಷಿ.

"ಮನೆಯವರು. ನೀವೇ ಆಂಟಿ."

ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಅವಳು ಯಾವ ಸೀರೆ ಉಡಬೇಕೆಂದು ಗೊತ್ತುಮಾಡಿಕೊಂಡಿದ್ದಳು. ಆಮೇಲಿನ ದಿನಗಳಲ್ಲಿ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಯಾರೋ ಅಪರಿಚಿತರು, ಹೊಟ್ಟೆಕಿಚ್ಚಿಲ್ಲದವರು, ಮುಖ ಎರಡನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ತನ್ನೆದುರಿನ ಮುಖ ಗುರುದೇವಿಯ ಎದುರಿನ ಮುಖಕ್ಕಿಂತ ಜೀವಂತವಾಗಿರಬೇಕು. ಸಮವಾದರೂ ಸಾಕು. ಅಷ್ಟು ಸಿಕ್ಕರೆ ಉಳಿದದ್ದೆಲ್ಲ ಕಾಯಿಲೆಯ ಲೆಕ್ಕಕ್ಕೆ ಹಾಕಿ ನಿದ್ದೆ ಮಾಡಬಹುದು.

ಚಿತ್ರೀಕರಣದ ದಿನ ಬೆಳಿಗ್ಗೆ ಗುಳಿಗೆಯ ಹೊತ್ತಿಗೆ ಫೋನು ಕೂಗಿಕೊಂಡಾಗ ಅವಳು ಅದರ ಬಾಯಿ ಮುಚ್ಚಿಸಿದಳು. ಗುಳಿಗೆ ಕೊಡಲಿಲ್ಲ.

ಅದರ ಪರಿಣಾಮ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಡವಾಗಿ ಕೊಟ್ಟರೆ ಗುರುದೇವಿಯ ಸರದಿಯಲ್ಲಿ ಅವನು ಮರದಂತಿರುತ್ತಾನೆ. ತನ್ನ ಸರದಿ ಬರುವ ಹೊತ್ತಿಗೆ ಗುಳಿಗೆ ಕೆಲಸ ಶುರುಮಾಡಿ ಮೈ ಸಡಿಲವಾಗುತ್ತದೆ. ಇದು ಮೋಸವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗುರುದೇವಿ ನೋಡುವುದು ಯಾವಾಗಲೂ ಗುಳಿಗೆ ಹಿಡಿದ ಮುಖವನ್ನು. ಬೆಳಗಾಗೆದ್ದು ತಾನು ನೋಡುವ ಮುಖವನ್ನು ಒಂದು ಸಲ ಅವಳೂ ನೋಡಲಿ. ನ್ಯಾಯವಾಗಿ ಯೋಚಿಸಿದರೆ ಇದೇ ಸರಿಯಾದ ಅಳತೆ. ಹೀಗೆ ವಾಕ್ಯ ಜೋಡಿಸುವುದು ಅವಳಿಗೆ ಕಷ್ಟವಿರಲಿಲ್ಲ.

ಬಾಲಾನಗರದಲ್ಲಿ ಮೆಟ್ರೋ ಹತ್ತುವಾಗಲೇ ಅವನ ಹೆಜ್ಜೆ ಸಣ್ಣದಾಗಿತ್ತು. ಅಮೀರ್‌ಪೇಟೆಯಲ್ಲಿ ಇಳಿದು ಇನ್ನೊಂದು ರೈಲಿಗೆ ಬದಲಾಯಿಸಬೇಕು. ರೈಲು ನಿಂತು ಬಾಗಿಲು ತೆರೆಯಿತು. ಜನ ನುಗ್ಗಿದರು. ನರಹರಿ ಬಾಗಿಲ ಅಂಚಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಪಾದಗಳನ್ನು ನೆಲಕ್ಕೆ ಅಂಟಿಸಿದ ಹಾಗೆ. ಮೈ ಮುಂದಕ್ಕೆ ಬಾಗುತ್ತಿತ್ತು, ಕಾಲು ಬರುತ್ತಿರಲಿಲ್ಲ. ಹಿಂದಿನಿಂದ ಬೆನ್ನುಚೀಲದ ಯುವಕನೊಬ್ಬ, "ಜರ ಜರುಗುಂಡ್ರಿ ಸಾರ್" ಎಂದು ತೆಲುಗಿನಲ್ಲಿ ಅವಸರ ಮಾಡಿದ. ಬಾಗಿಲು ಮುಚ್ಚುವ ಸದ್ದು ಶುರುವಾಯಿತು.

ವಿಶಾಲಾಕ್ಷಿ ತನ್ನ ಬಲಗಾಲನ್ನು ಅವನ ಪಾದದ ಮುಂದೆ ಅಡ್ಡ ಇಟ್ಟಳು. ನಡೆಯಲಾಗದೆ ಅಂಟಿಕೊಂಡ ಕಾಲು, ದಾಟಲು ಏನಾದರೂ ಅಡ್ಡ ಸಿಕ್ಕರೆ ತಾನಾಗಿ ಏಳುತ್ತದೆ. ಅದನ್ನು ಹೇಳಿಕೊಟ್ಟವಳೂ ಗುರುದೇವಿಯೇ. ಅವನು ಅವಳ ಕಾಲನ್ನು ದಾಟಿದ, ಪ್ಲಾಟ್‌ಫಾರಮ್ಮಿಗೆ ಬಿದ್ದ ಹಾಗೆ ಬಂದ, ಅವಳು ಎರಡೂ ಕೈಯಿಂದ ತಬ್ಬಿ ಹಿಡಿದಳು. ಅವನ ಎದೆ ಹೊಡೆದುಕೊಳ್ಳುತ್ತಿದ್ದುದು ಅವಳ ಕೈಗೆ ತಿಳಿಯಿತು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂರಿಸಿ ಗುಳಿಗೆ ನುಂಗಿಸಿದಳು. ಅವನು ಗುಳಿಗೆಯನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ, ನೀರು ಕುಡಿದ.

ಕೇಂದ್ರ ತಲುಪಿದಾಗ ಗುಳಿಗೆ ಇನ್ನೂ ಹಿಡಿದಿರಲಿಲ್ಲ. ಅವನನ್ನು ಕಂಡ ಗುರುದೇವಿಯ ಹುಬ್ಬು ಗಂಟಾಯಿತು. "ಗುಳಿಗಿ ತಗೊಂಡೀರಿಲ್ರಿ ಅಣ್ಣಾರ? ಭಾಳ ಬಿಗಿ ಆಗೀರಿ."

ವಿಶಾಲಾಕ್ಷಿ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ತಗೊಂಡೀನ್ರಿ," ಎಂದ ನರಹರಿ, ಕೇಳಿಯೂ ಕೇಳಿಸದ ಧ್ವನಿಯಲ್ಲಿ. "ನಾನ ಮರತು ತಡಾ ಮಾಡಿದೆ."

ದಿನ ಮುಂದೂಡೋಣವೇ ಎಂದು ಗುರುದೇವಿ ಕೇಳಿದಾಗ ಅವನೇ ಬೇಡವೆಂದ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಗುರುದೇವಿ ಸಂತೆಯ ಮಾತು ತೆಗೆದಳು, ಶಾಲೆಯ ಮಾಸ್ತರರ ಮಾತು ತೆಗೆದಳು, ತನ್ನ ತಮ್ಮ ಎಮ್ಮೆ ಹತ್ತಿ ಬಿದ್ದದ್ದನ್ನು ಹೇಳಿದಳು. ಅವನ ಮುಖ ಅಲುಗಲಿಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ವಿಶಾಲಾಕ್ಷಿಗೆ ಒಂದು ಕ್ಷಣ ಗೆದ್ದ ಹಾಗೆ ಅನಿಸಿತು. ನೋಡು, ನಿನಗೂ ಇಲ್ಲ. ಆ ಸುಖ ನಿಲ್ಲಲಿಲ್ಲ. ಅವನು ಸುಳ್ಳು ಹೇಳಿದ್ದ, ಹೆಂಡತಿಗಾಗಿ, ಗುರುದೇವಿಯ ಎದುರು.

ಚಹಾ ಕುಡಿದು ಸ್ವಲ್ಪ ಹೊತ್ತಾದ ಮೇಲೆ ಅವನ ಬೆರಳು ಸಡಿಲವಾದವು, ಹೆಜ್ಜೆ ಅಗಲವಾಯಿತು. ವಿಶಾಲಾಕ್ಷಿಯ ಸರದಿ ಬಂತು. ಅವಳು ಸೆರಗು ಸರಿಮಾಡಿಕೊಂಡು ಎದುರು ಕೂತಳು. ಚಿಂತಲ್‌ನಲ್ಲಿ ಹೂಡಿದ ಮೊದಲ ಮನೆಯ ಸೋರುವ ಮಾಡಿನ ಕಥೆ ಕೇಳಿದಳು. ಮಗಳು ಶಾಲೆಯ ನಾಟಕದಲ್ಲಿ ಮೀಸೆ ಬಿದ್ದು ಅತ್ತದ್ದನ್ನು ನೆನಪಿಸಿದಳು. ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಹೌದು. ಜ್ಞಾಪಕ ಇದೆ. ಆವತ್ತು ಶನಿವಾರ. ತನಿಖೆಗೆ ಬಂದ ಮೇಲಧಿಕಾರಿಗೆ ಕೊಡುವ ಉತ್ತರಗಳು. ಅವಳು ಅವನ ತುಟಿಯ ತುದಿಯನ್ನೇ ನೋಡುತ್ತಿದ್ದಳು, ಈಗ ಏಳುತ್ತದೆ, ಈಗ ಏಳುತ್ತದೆ ಎಂದು. ತುಟಿ ಏಳಲಿಲ್ಲ.

ಕೆಳಗಿನ ಕ್ಯಾಂಟೀನಿನಲ್ಲಿ ಇಡ್ಲಿ ತಟ್ಟೆ ಮುಂದಿಟ್ಟುಕೊಂಡು ಇಬ್ಬರೂ ಕೂತರು. ಅವಳು ಅಭ್ಯಾಸದಂತೆ ಅವನ ಇಡ್ಲಿ ಮುರಿದುಕೊಡಲು ಕೈ ಚಾಚಿದಳು. ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಗುಳಿಗಿ ಯಾಕ ತಡಾ ಮಾಡಿದಿ ಅಂತ ನಾ ಕೇಳೂದಿಲ್ಲ," ಎಂದ. "ಆದ್ರ ಒಂದು ಹೇಳ್ತೀನಿ ವಿಶಾಲಾ. ನೀ ನನ್ನ ನೋಡೂದಿಲ್ಲ. ತಪಾಸಣಿ ಮಾಡ್ತಿ. ಮುಂಜಾನಿಂದ ಸಂಜಿತನ. ತಪಾಸಣಿ ಮಾಡೋರ ಮುಂದ ಯಾರರ ನಗ್ತಾರೇನು?"

ಅವನು ತನ್ನ ಊರಿನ ಮಾತಿನಲ್ಲಿ ಅವಳೊಂದಿಗೆ ಮಾತಾಡದೆ ಎಷ್ಟೋ ವರ್ಷವಾಗಿತ್ತು. ಅವಳ ಕಣ್ಣು ತುಂಬಿದವು. ಆಗಲೂ ಒಳಗಿನ ಆ ಉರಿ ಸುಮ್ಮನಿರಲಿಲ್ಲ. ಗುರುದೇವಿಗೆ ಸುಮ್ಮಸುಮ್ಮನೆ ಸಿಗುವ ಮಾತು ತನಗೆ ಸಿಗಬೇಕಾದರೆ ಅವನನ್ನು ಇಷ್ಟು ನೋಯಿಸಬೇಕಾಯಿತು ಎಂದು ಅದು ಲೆಕ್ಕ ಹಾಕುತ್ತಿತ್ತು.

ಅವಳು ಎದ್ದು ಮೇಲೆ ಹೋದಳು. ಈ ಸಲ ವಾಕ್ಯ ಜೋಡಿಸಿಕೊಂಡಿರಲಿಲ್ಲ. ಅಪೂರ್ವಳ ಮೇಜಿನ ಮುಂದೆ ನಿಂತೇ, "ಆ ಎರಡು ವಿಡಿಯೋ ಕಳಿಸಬೇಡಿ. ಗುಳಿಗೆ ಅವರು ಮರೆತದ್ದಲ್ಲ, ನಾನು ಬೇಕಂತಲೇ ತಡ ಮಾಡಿದ್ದು," ಎಂದಳು.

ಅಪೂರ್ವ ಪೆನ್ನು ತೆಗೆದು ಆ ದಿನದ ಪುಟದ ಮೇಲೆ ಅಡ್ಡಗೆರೆ ಎಳೆದಳು. ಗುರುದೇವಿ ಅಲ್ಲೇ ಕಿಟಕಿಯ ಬಳಿ ನಿಂತಿದ್ದಳು. ವಿಶಾಲಾಕ್ಷಿ ಅವಳ ಕಡೆ ನೋಡಲಿಲ್ಲ, ಆದರೆ ಅವಳು ನೋಡುತ್ತಿದ್ದಾಳೆಂದು ತಿಳಿಯುತ್ತಿತ್ತು.

"ನನ್ನ ಮ್ಯಾಲೆ ಸಿಟ್ಟಿತ್ತೇನ್ರಿ ವೈನಿ?" ಎಂದಳು ಗುರುದೇವಿ.

"ಇತ್ತು," ಎಂದಳು ವಿಶಾಲಾಕ್ಷಿ. "ಇದೆ."

"ಇರಲಿ ಬಿಡ್ರಿ. ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ. ಅಣ್ಣಾರು ಬಿದ್ದು ಸೊಂಟ ಮುರಕೊಂಡ್ರ ನಾ ಯಾರಿಗೆ ಅಂಕ ಹಾಕ್ಲಿ?"

ಮತ್ತೊಂದು ದಿನ ಹೊಸದಾಗಿ ಚಿತ್ರೀಕರಣವಾಯಿತು. ಗುಳಿಗೆಯನ್ನು ಈ ಸಲ ಕೇಂದ್ರದಲ್ಲೇ ಅಪೂರ್ವಳ ಎದುರಿಗೆ ಕೊಟ್ಟರು. ಅಪೂರ್ವ ಏರ್ಪಾಟನ್ನೂ ಬದಲಾಯಿಸಿದ್ದಳು. ಎರಡು ಸಲವೂ ಮಾತಾಡಿಸುವವಳು ಗುರುದೇವಿಯೇ. ಮೊದಲ ಸಲ ವಿಶಾಲಾಕ್ಷಿ ಎಂದಿನಂತೆ ಗೋಡೆ ಪಕ್ಕದಲ್ಲಿ. ಎರಡನೆಯ ಸಲ ಹೊರಗೆ. ಇದೇ ರೀತಿ ಇನ್ನೂ ಕೆಲವು ಮನೆಗಳವರನ್ನೂ ಚಿತ್ರೀಕರಿಸಿದರು. ತಿಂಗಳಾದ ಮೇಲೆ ದೂರದ ಊರಿನಿಂದ ಅಂಕಗಳು ಬಂದವು. ಗುರುದೇವಿ ಒಬ್ಬಳೇ ಇದ್ದಾಗ ನರಹರಿಯ ಮುಖಕ್ಕೆ ಒಂದು. ಹೆಂಡತಿ ಕೋಣೆಯಲ್ಲಿದ್ದಾಗ ಮೂರು.

ಅಪೂರ್ವ ಅದನ್ನು ತುಂಬ ಮೆತ್ತಗೆ ಹೇಳಿದಳು. ಇದು ನಿಮ್ಮೊಬ್ಬರದಲ್ಲ ಆಂಟಿ, ಬೇರೆ ಕೆಲವು ದಂಪತಿಗಳಲ್ಲೂ ಹೀಗೆ ಕಾಣುತ್ತಿದೆ, ಇನ್ನೂ ಖಚಿತವಾಗಿ ಏನೂ ಹೇಳಲಾಗದು ಎಂದಳು. ಬೇರೆಯವರಲ್ಲೂ ಇದೆ ಎಂಬುದರಿಂದ ವಿಶಾಲಾಕ್ಷಿಗೆ ಸಮಾಧಾನವಾಗಲಿಲ್ಲ. ನೀವೇ ಎತ್ತಿದ ಪ್ರಶ್ನೆಯಿಂದ ನಮಗೆ ಇದು ಗೊತ್ತಾಯಿತು ಎಂದು ಅಪೂರ್ವ ಕೃತಜ್ಞತೆಯಿಂದ ಹೇಳಿದ್ದೂ ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. ಅಂದಿನಿಂದ ಹೊಸ ನಿಯಮ ಬಂತು. ಮುಖದ ಭಾವಕ್ಕೆ ಅಂಕ ಹಾಕುವಾಗ ಜೊತೆಗೆ ಬಂದವರು ಹೊರಗೆ ಕೂರಬೇಕು. ಗುರುದೇವಿಯನ್ನು ಆ ಕೋಣೆಯಿಂದ ಹೊರಗೆ ಕಳಿಸಲು ಹೊರಟವಳು ತಾನೇ ಹೊರಗಾಗಿದ್ದಳು.

ನಿಯಮ ಬಂದ ಮೊದಲ ದಿನ ಅವಳು ಕಾರಿಡಾರಿನಲ್ಲಿ ಬೇರೆ ಹೆಂಡತಿಯರ ಸಾಲಿನಲ್ಲಿ ಕೂತಳು. ಪಕ್ಕದಾಕೆ ತೆಲುಗಿನಲ್ಲಿ ತನ್ನ ಗಂಡನ ಮಲಬದ್ಧತೆಯ ಬಗ್ಗೆ ಹೇಳುತ್ತಿದ್ದಳು. ಮುಚ್ಚಿದ ಬಾಗಿಲಿನೊಳಗಿಂದ ಅವನ ನಗು ಕೇಳಿಸಿತು. ಧ್ವನಿ ಕುಗ್ಗಿದ್ದರೂ ಅದು ನಗುವೇ. ವಿಶಾಲಾಕ್ಷಿಯ ಕೈ ಚೀಲದ ಮೇಲೆ ಬಿಗಿಯಾಯಿತು. ಎದ್ದು ಬಾಗಿಲು ತೆಗೆದರೆ ಸಾಕು, ನಗು ನಿಲ್ಲುತ್ತದೆ. ಅಷ್ಟು ಅಧಿಕಾರ ತನಗೆ ಇದೆ ಎಂದು ಈಗ ಅಂಕಸಮೇತ ಗೊತ್ತಾಗಿತ್ತು. ಅವಳು ಎದ್ದಳು. ಬಾಗಿಲ ಹಿಡಿಯವರೆಗೂ ಹೋದಳು. ಆಮೇಲೆ ನೀರಿನ ಯಂತ್ರದ ಕಡೆಗೆ ತಿರುಗಿ, ಬಾಯಾರಿಕೆ ಇಲ್ಲದಿದ್ದರೂ ಒಂದು ಲೋಟ ಕುಡಿದು ಬಂದು ಕೂತಳು.

ಹಿಂದಿರುಗುವಾಗ ಅಮೀರ್‌ಪೇಟೆಯಲ್ಲಿ ಹತ್ತಿದ ಎರಡನೆಯ ರೈಲಿನಲ್ಲಿ ಅವನಿಗೆ ಕೂರಲು ಜಾಗ ಸಿಕ್ಕಿತು, ಪಕ್ಕದಲ್ಲಿ ಅವಳಿಗೂ. ಯಾವಾಗಲೂ ಅವಳು ಮೈ ಅರ್ಧ ತಿರುಗಿಸಿ ಅವನನ್ನೇ ನೋಡುತ್ತ ಕೂರುವವಳು. ಇಂದು ಎದುರಿನ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಮೀರ್‌ಪೇಟೆಯ ಕೋಚಿಂಗ್ ಫಲಕಗಳು ಹಿಂದೆ ಸರಿದವು. ಪಕ್ಕದಲ್ಲಿ ಅವನು ಏನೋ ಗುನುಗಿದ ಹಾಗಾಯಿತು, ಅಥವಾ ಉಸಿರೇ ಇರಬಹುದು. ತಿರುಗಿ ನೋಡಬೇಕೆಂದು ಅವಳ ಕತ್ತಿನ ನರವೆಲ್ಲ ಎಳೆಯುತ್ತಿತ್ತು. ಗುರುದೇವಿ ಏನು ಹೇಳಿ ನಗಿಸಿದಳೆಂದು ಕೇಳಬೇಕೆಂದು ನಾಲಿಗೆಯ ತುದಿ ಸುಡುತ್ತಿತ್ತು. ಅವಳು ಕೇಳಲಿಲ್ಲ. ಬಾಲಾನಗರ ಬರುವವರೆಗೂ ಅವನ ಮುಖದಲ್ಲಿ ಏನಿತ್ತೋ, ಏನಿರಲಿಲ್ಲವೋ, ಅವಳು ನೋಡಲಿಲ್ಲ.